ಹೊಸ ಸಿಸ್ಟಂನಲ್ಲಿ ಮೆನು ಎಲ್ಲಿ? ಮೌಸ್ ಮುಟ್ಟದೆ ತಲುಪುವ ದಾರಿ

ವಿಂಡೋಸ್ ಬಿಟ್ಟು ಮ್ಯಾಕ್‌ಗೆ ಬಂದ ಮೊದಲ ದಿನ ಒಂದು ವರದಿ ಬರೆಯುತ್ತಾ ಕೂತಿದ್ದೆ. ಫೈಲ್ ಮೆನು ತೆರೆಯಬೇಕಿತ್ತು. ಯೋಚನೆ ಮಾಡಲೇ ಇಲ್ಲ, ಕೈ ತಾನಾಗಿ ಆಲ್ಟ್ ಮತ್ತು ಎಫ್ ಒತ್ತಿತು. ಮೆನು ಬರಲಿಲ್ಲ. ಬದಲಿಗೆ ವಾಕ್ಯದ ನಡುವೆ ಬಾಲ ಇಳಿಬಿಟ್ಟ, ಓರೆಯಾದ ಎಫ್ ತರಹದ ಗುರುತೊಂದು ಬಂದು ಕೂತಿತು. ಸರಿಯಾಗಿ ಒತ್ತಿಲ್ಲವೇನೋ ಅಂತ ಮತ್ತೆ ಒತ್ತಿದೆ. ಇನ್ನೊಂದು ಬಂತು. ಸಂಜೆ ವರದಿ ಓದಿದವರು, "ಇದೇನಿದು, ನಾಲ್ಕು ಕಡೆ ಏನೋ ಚಿಹ್ನೆ ಹಾಕಿದ್ದೀರಲ್ಲ?" ಅಂತ ಕೇಳಿದರು. ಏನು ಹೇಳೋದು!

ಸಿಸ್ಟಂ ಬದಲಾಯಿಸಿದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ನೂರು ಶಾರ್ಟ್‌ಕಟ್‌ಗಳ ಪಟ್ಟಿ ಹುಡುಕಿ, ಪ್ರಿಂಟ್ ತೆಗೆದು, ಮೇಜಿನ ಮೇಲೆ ಅಂಟಿಸಿಕೊಳ್ಳುವುದು. ಮೂರು ದಿನ ನೋಡುತ್ತೇವೆ, ಆಮೇಲೆ ಅದು ಗೋಡೆಯ ಬಣ್ಣದ ಹಾಗೆ ಕಣ್ಣಿಗೇ ಬೀಳುವುದಿಲ್ಲ. ನಾನು ಹೇಳುವುದು ಬೇರೆ. ಮೆನು ತಲುಪುವ ಕೀ ಯಾವುದು, ಅದೊಂದನ್ನು ಮೊದಲು ಕಲಿಯಿರಿ. ಮೆನು ತೆರೆದರೆ ಒಂದೊಂದು ಆಯ್ಕೆಯ ಬಲಗಡೆ ಅದರ ಶಾರ್ಟ್‌ಕಟ್ ಬರೆದಿರುತ್ತದೆ. ದಿನಾ ಬೇಕಾಗುವುದನ್ನು ನಾಲ್ಕು ಸಲ ನೋಡಿದರೆ ಐದನೇ ಸಲ ಮೆನುವಿಗೆ ಹೋಗುವುದೇ ಬೇಡ. ಪಟ್ಟಿ ಬಾಯಿಪಾಠ ಮಾಡುವ ಕಷ್ಟ ಯಾಕೆ, ಮೇಷ್ಟ್ರು ಮೆನುವಿನೊಳಗೇ ಇದ್ದಾರೆ.

ಮೊದಲು ಕೀಗಳ ಪರಿಚಯ

ಮೆನುವಿಗೆ ಹೋಗುವ ಮುಂಚೆ ಐದು ನಿಮಿಷ ಕೀಬೋರ್ಡ್ ನೋಡಿ. ಸ್ಪೇಸ್ ಬಾರ್‌ನ ಎಡಗಡೆ ಇರುವ ಮೂರು ಕೀಗಳಲ್ಲೇ ಎಲ್ಲ ಗೊಂದಲ ಇರುವುದು. ವಿಂಡೋಸ್ ಕೀಬೋರ್ಡ್‌ನಲ್ಲಿ ಎಡದಿಂದ ಕಂಟ್ರೋಲ್, ವಿಂಡೋಸ್, ಆಲ್ಟ್. ಮ್ಯಾಕ್‌ನಲ್ಲಿ ಕಂಟ್ರೋಲ್, ಆಪ್ಷನ್, ಕಮಾಂಡ್. ಅಂದರೆ ಆಲ್ಟ್ ಇದ್ದ ಜಾಗದಲ್ಲಿ ಕಮಾಂಡ್ ಕೂತಿದೆ. ಲಿನಕ್ಸ್‌ನಲ್ಲಿ ಕೀಬೋರ್ಡ್ ಅದೇ, ವಿಂಡೋಸ್ ಕೀಗೆ ಮಾತ್ರ ಹೆಸರು ಬೇರೆ. ಲಿನಕ್ಸ್‌ನಲ್ಲಿ ಪರದೆಗೆ ರೂಪ ಕೊಡುವ ಡೆಸ್ಕ್‌ಟಾಪ್‌ಗಳು ಹಲವು. ಅವುಗಳಲ್ಲಿ ಗ್ನೋಮ್‌ನವರು ಅದನ್ನು ಸೂಪರ್ ಅಂತಾರೆ, ಕೆಡಿಇಯವರು ಮೆಟಾ ಅಂತಾರೆ.

ಕೆಲವು ಮ್ಯಾಕ್ ಕೀಬೋರ್ಡ್‌ಗಳಲ್ಲಿ ಆಪ್ಷನ್ ಕೀ ಮೇಲೆ ಸಣ್ಣದಾಗಿ ಆಲ್ಟ್ ಅಂತಲೂ ಬರೆದಿರುತ್ತದೆ. ನಾನು ಮೋಸ ಹೋಗಿದ್ದು ಅಲ್ಲೇ. ಹೆಸರು ಆಲ್ಟ್ ಆದರೂ ಅದರ ಕೆಲಸ ಮೆನು ತೆರೆಯುವುದಲ್ಲ. ಅಕ್ಷರದ ಜೊತೆ ಒತ್ತಿದರೆ ವಿಶೇಷ ಚಿಹ್ನೆ ಬರೆಯುತ್ತದೆ. ಸ್ಪೇಸ್ ಜೊತೆ ಒತ್ತಿದರೆ ಇನ್ನೂ ಮಜಾ. ನೋಡಲು ಮಾಮೂಲಿ ಸ್ಪೇಸ್ ಹಾಗೇ ಇರುವ, ಆದರೆ ಸಾಲು ಅಲ್ಲಿ ಮುರಿಯಲು ಬಿಡದ ಬೇರೆಯೇ ಸ್ಪೇಸ್ ಬರುತ್ತದೆ. ಪ್ರೋಗ್ರಾಂ ಕೋಡ್ ಬರೆಯುವವರಿಗೆ ಇದು ಒಳ್ಳೆ ಕಾಟ. ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ.

ಪಿಸಿ ಕೀಬೋರ್ಡನ್ನೇ ಮ್ಯಾಕ್‌ಗೆ ಸಿಕ್ಕಿಸಿ ಬಳಸುತ್ತಿದ್ದೀರಾ? ಆಗ ವಿಂಡೋಸ್ ಕೀ ಕಮಾಂಡ್ ಆಗುತ್ತದೆ, ಆಲ್ಟ್ ಕೀ ಆಪ್ಷನ್ ಆಗುತ್ತದೆ. ಕೀಗಳ ಸಾಲು ಅದಲು ಬದಲು. ಸರಿಮಾಡಲು ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರೊಳಗೆ ಕೀಬೋರ್ಡ್ ಶಾರ್ಟ್‌ಕಟ್ಸ್, ಅದರೊಳಗೆ ಮಾಡಿಫೈಯರ್ ಕೀಸ್‌ಗೆ ಹೋಗಿ ಎರಡನ್ನೂ ಅದಲು ಬದಲು ಮಾಡಿ. ಮೇಲ್ಗಡೆ ಯಾವ ಕೀಬೋರ್ಡ್ ಅಂತ ಆರಿಸುವ ಜಾಗ ಇದೆ. ಹೊರಗಿನದನ್ನು ಮಾತ್ರ ಬದಲಾಯಿಸಿ, ಲ್ಯಾಪ್‌ಟಾಪ್‌ನದು ಹಾಗೇ ಇರಲಿ.

ಇನ್ನೊಂದು ಅಡ್ಡಿ ಮೇಲಿನ ಸಾಲಿನ ಎಫ್1, ಎಫ್2 ಕೀಗಳದ್ದು. ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲೂ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಸುಮ್ನೆ ಒತ್ತಿದರೆ ಪರದೆಯ ಬೆಳಕು, ಧ್ವನಿ ಬದಲಾಗುತ್ತದೆ. ನಿಜವಾದ ಎಫ್2 ಬೇಕಿದ್ದರೆ ಎಫ್‌ಎನ್ ಕೀ ಹಿಡಿದು ಒತ್ತಬೇಕು. ಮುಂದೆ ನಾನು ಎಫ್2, ಎಫ್10 ಅಂದಾಗೆಲ್ಲ ಇದು ನೆನಪಿರಲಿ. "ಹೇಳಿದ ಹಾಗೇ ಒತ್ತಿದೆ, ಏನೂ ಆಗಲಿಲ್ಲ" ಅನ್ನುವವರ ಸಮಸ್ಯೆ ಬಹಳ ಸಲ ಇಷ್ಟೇ ಇರುತ್ತದೆ.

ಮ್ಯಾಕ್: ಅಕ್ಷರ ಅಲ್ಲ, ಹೆಸರು

ವಿಂಡೋಸ್‌ನಲ್ಲಿ ಪ್ರತಿ ಮೆನುವಿಗೂ ಒಂದು ಗೆರೆ ಎಳೆದ ಅಕ್ಷರ ಇರುತ್ತದೆ. ಮ್ಯಾಕ್‌ನಲ್ಲಿ ಆ ಪದ್ಧತಿಯೇ ಇಲ್ಲ. ಇದಕ್ಕೆ ಹಳೆಯ ಕಾರಣ ಇದೆ. 1984ರ ಮೊದಲ ಮ್ಯಾಕಿಂಟಾಷ್ ಕೀಬೋರ್ಡ್‌ನಲ್ಲಿ ಬಾಣದ ಕೀಗಳೇ ಇರಲಿಲ್ಲ, ಎಫ್ ಕೀಗಳೂ ಇರಲಿಲ್ಲ. ಮೆನು ಅಂದರೆ ಮೌಸ್‌ನಿಂದ ತೆರೆಯುವ ವಸ್ತು ಅನ್ನುವ ಯೋಚನೆಯಲ್ಲೇ ಹುಟ್ಟಿದ ಸಿಸ್ಟಂ ಅದು. ವಿಂಡೋಸ್‌ನ ಎಫ್10, ಆಲ್ಟ್ ಎಫ್4 ಇವೆಲ್ಲ 1987ರಲ್ಲಿ ಐಬಿಎಂ ಮಾಡಿದ ನಿಯಮಾವಳಿಯ ವಂಶದವು. ಅಲ್ಲಿ ಮೌಸ್ ಇಲ್ಲದವರೂ ಕೆಲಸ ಮಾಡಬೇಕು ಅನ್ನುವ ಲೆಕ್ಕ ಇತ್ತು. ಎರಡು ಬೇರೆ ಮನೆತನ, ಎರಡು ಬೇರೆ ಪದ್ಧತಿ.

ಹಾಗಂತ ಮ್ಯಾಕ್‌ನಲ್ಲಿ ದಾರಿ ಇಲ್ಲ ಅಂತ ಅಲ್ಲ. ಎರಡಿವೆ. ಮೊದಲನೆಯದು ಹೀಗೆ:

1. ಕಂಟ್ರೋಲ್ + ಎಫ್2 ಒತ್ತಿ. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೂಡ ಸೇರಿಸಿ.
2. ಪರದೆಯ ಮೇಲ್ತುದಿಯಲ್ಲಿ, ಎಡ ಮೂಲೆಯ ಸೇಬಿನ ಗುರುತು ಹೊಳೆಯುತ್ತದೆ. ನೀವು ಈಗ ಮೆನು ಪಟ್ಟಿಯಲ್ಲಿದ್ದೀರಿ.
3. ಬಲ ಬಾಣ ಒತ್ತುತ್ತಾ ಹೋಗಬಹುದು. ಅದಕ್ಕಿಂತ ಬೇಗ ಆಗುವ ದಾರಿ, ಮೆನುವಿನ ಹೆಸರು ಟೈಪ್ ಮಾಡುವುದು. ವಿ ಒತ್ತಿದರೆ ವ್ಯೂ ಮೆನುವಿಗೆ ಹಾರುತ್ತದೆ.
4. ಕೆಳ ಬಾಣ ಒತ್ತಿ, ಮೆನು ತೆರೆಯುತ್ತದೆ. ಒಳಗೂ ಅದೇ ಆಟ. ಬೇಕಾದ ಆಯ್ಕೆಯ ಮೊದಲ ಎರಡು ಮೂರು ಅಕ್ಷರ ಬೇಗ ಬೇಗ ಒತ್ತಿದರೆ ಅಲ್ಲಿಗೇ ಹೋಗುತ್ತದೆ.
5. ರಿಟರ್ನ್ ಒತ್ತಿದರೆ ಆಯ್ಕೆ, ಎಸ್ಕೇಪ್ ಒತ್ತಿದರೆ ವಾಪಸ್.

ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದರೆ ಪ್ರತಿ ಅಕ್ಷರವೂ ಹೊಸ ಹುಡುಕಾಟ ಅಂತ ಲೆಕ್ಕ. "ಎಸ್ ಎ" ಅಂತ ಒಂದೇ ಉಸಿರಿಗೆ ಒತ್ತಬೇಕು. ಎಸ್ ಒತ್ತಿ ಚಹಾ ಕುಡಿದು ಎ ಒತ್ತಿದರೆ ಎ ಇಂದ ಶುರುವಾಗುವ ಯಾವುದಕ್ಕೋ ಹೋಗಿ ನಿಲ್ಲುತ್ತದೆ.

ಕನ್ನಡದಲ್ಲಿ ಬರೆಯುವವರು ಇಲ್ಲೊಂದು ನೋಡಿಕೊಳ್ಳಿ. ಮೆನು ಇಂಗ್ಲಿಷ್‌ನಲ್ಲಿದ್ದು ನಿಮ್ಮ ಕೀಬೋರ್ಡ್ ಕನ್ನಡದಲ್ಲಿದ್ದರೆ ಹೆಸರು ಟೈಪ್ ಮಾಡುವ ಈ ಉಪಾಯ ಕೈಕೊಡುತ್ತದೆ. ಮೊದಲು ಇಂಗ್ಲಿಷ್‌ಗೆ ಬದಲಾಯಿಸಿ, ಇಲ್ಲವೇ ಬಾಣದ ಕೀಗಳನ್ನೇ ನೆಚ್ಚಿಕೊಳ್ಳಿ.

ಎರಡನೇ ದಾರಿ ನನಗೆ ತುಂಬ ಇಷ್ಟ. ಕಮಾಂಡ್ + ಶಿಫ್ಟ್ + ಓರೆಗೆರೆ ಒತ್ತಿ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀ ಅದೇ. ಹೆಲ್ಪ್ ಮೆನು ತೆರೆದು, ಅದರ ಮೇಲೊಂದು ಹುಡುಕುವ ಪೆಟ್ಟಿಗೆ ಬರುತ್ತದೆ. ಅಲ್ಲಿ ಬೇಕಾದ ಕೆಲಸದ ಹೆಸರು ಬರೆಯಿರಿ. ಎಕ್ಸ್‌ಪೋರ್ಟ್ ಅಂತ ಬರೆದಿರಿ ಅಂದುಕೊಳ್ಳಿ. ಆ ಹೆಸರಿರುವ ಮೆನು ಆಯ್ಕೆಗಳೆಲ್ಲ ಕೆಳಗೆ ಸಾಲಾಗಿ ಬರುತ್ತವೆ. ಕೆಳ ಬಾಣ ಒತ್ತಿ ಒಂದರ ಮೇಲೆ ನಿಂತರೆ ನಿಜವಾದ ಮೆನು ತಾನೇ ತೆರೆದುಕೊಂಡು, ಒಂದು ನೀಲಿ ಬಾಣ ತೇಲುತ್ತಾ ಬಂದು "ಇಲ್ಲಿದೆ ನೋಡು" ಅಂತ ತೋರಿಸುತ್ತದೆ. ರಿಟರ್ನ್ ಒತ್ತಿದರೆ ಕೆಲಸ ಮುಗಿಯಿತು. 2007ರ ಲೆಪರ್ಡ್ ಆವೃತ್ತಿಯಿಂದಲೂ ಇದು ಇದೆ. ಎಷ್ಟೋ ವರ್ಷದಿಂದ ಮ್ಯಾಕ್ ಬಳಸುವವರಿಗೂ ಗೊತ್ತಿರುವುದಿಲ್ಲ, ಅದೇ ಆಶ್ಚರ್ಯ.

ಮೆನು ತೆರೆದಾಗ ಬಲಗಡೆ ಕಾಣುವ ಚಿಹ್ನೆಗಳನ್ನು ಓದಲು ಬರಬೇಕಲ್ಲ. ನಾಲ್ಕು ಮೂಲೆಗೂ ಕುಣಿಕೆ ಇರುವ ಚೌಕ ಕಂಡರೆ ಕಮಾಂಡ್. ಮನೆಯ ಮಾಡಿನ ತುದಿಯಂತಹ ಗುರುತು ಕಂಟ್ರೋಲ್. ಒಳಗೆ ಖಾಲಿ ಇರುವ ಮೇಲ್ಮುಖ ಬಾಣ ಶಿಫ್ಟ್. ಎಡದಿಂದ ಬಂದು ಓರೆಯಾಗಿ ಇಳಿದು ಮತ್ತೆ ನೇರವಾಗುವ ಗೆರೆ, ಮೇಲೆ ಬಲಕ್ಕೆ ಇನ್ನೊಂದು ಚಿಕ್ಕ ಗೆರೆ ಇದ್ದರೆ ಆಪ್ಷನ್. ಈ ನಾಲ್ಕು ಗೊತ್ತಾಯಿತು ಅಂದರೆ ಮೆನುವಿನ ಭಾಷೆ ಬಂದ ಹಾಗೆಯೇ.

ಆಪ್ಷನ್ ಕೀಗೆ ಇನ್ನೊಂದು ಗುಟ್ಟಿದೆ. ಮೆನು ತೆರೆದಿರುವಾಗ ಅದನ್ನು ಹಿಡಿದು ನೋಡಿ. ಕೆಲವು ಆಯ್ಕೆಗಳು ಕಣ್ಣೆದುರೇ ಬದಲಾಗುತ್ತವೆ. ಬರೆಯಲು ಮ್ಯಾಕ್ ಜೊತೆಗೇ ಬರುವ ಟೆಕ್ಸ್ಟ್‌ಎಡಿಟ್‌ನ ಫೈಲ್ ಮೆನುವಿನಲ್ಲಿ ಡೂಪ್ಲಿಕೇಟ್ ಅಂತ ಇರುವುದು ಸೇವ್ ಆ್ಯಸ್ ಆಗುತ್ತದೆ. ವಿಂಡೋಸ್‌ನಿಂದ ಬಂದವರು "ಸೇವ್ ಆ್ಯಸ್ ಎಲ್ಲಿ ಹೋಯಿತು" ಅಂತ ಹುಡುಕುತ್ತಾ ಇರುತ್ತಾರೆ. ಅದು ಎಲ್ಲೂ ಹೋಗಿಲ್ಲ, ಅಲ್ಲೇ ಅವಿತು ಕೂತಿದೆ.

ಪರದೆಯ ಬಲ ಮೂಲೆಯಲ್ಲಿ ವೈಫೈ, ಬ್ಯಾಟರಿ ಗುರುತುಗಳಿವೆಯಲ್ಲ, ಅಲ್ಲಿಗೆ ಹೋಗಲು ಕಂಟ್ರೋಲ್ + ಎಫ್8. ಅಪ್ಲಿಕೇಶನ್‌ಗಳ ಗುರುತುಗಳು ಸಾಲಾಗಿರುವ ಡಾಕ್‌ಗೆ ಕಂಟ್ರೋಲ್ + ಎಫ್3. ಇವ್ಯಾವುವೂ ಕೆಲಸ ಮಾಡದಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿಯಲ್ಲಿ ಕೀಬೋರ್ಡ್ ಅನ್ನುವ ವಿಭಾಗ ತೆರೆದು, ಮೆನು ಬಾರ್‌ಗೆ ಹೋಗುವ ಸಾಲಿನ ಮುಂದೆ ಟಿಕ್ ಇದೆಯಾ ನೋಡಿ. ಎಫ್2ಗೆ ಕೈ ಎಟಕುವುದಿಲ್ಲ ಅನ್ನುವವರು ಅಲ್ಲೇ ಬೇರೆ ಕೀ ಕೊಡಬಹುದು. ಜೊತೆಗೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಇರುವ ಕೀಬೋರ್ಡ್ ನ್ಯಾವಿಗೇಶನ್ ಸ್ವಿಚ್ ಆನ್ ಮಾಡಿಡಿ. ಇಲ್ಲದಿದ್ದರೆ ಮೆನುವಿನಿಂದ ತೆರೆದ ಪೆಟ್ಟಿಗೆಯಲ್ಲಿ ಟ್ಯಾಬ್ ಒತ್ತಿದರೂ ಎಲ್ಲ ಬಟನ್‌ಗಳಿಗೆ ಹೋಗುವುದಿಲ್ಲ. ಮೆನುವರೆಗೆ ಮೌಸ್ ಇಲ್ಲದೆ ಬಂದು, ಕೊನೇ ಹೆಜ್ಜೆಗೆ ಮೌಸ್ ಹುಡುಕುವ ಹಾಗಾಗುತ್ತದೆ.

ಲಿನಕ್ಸ್: ಯಾವ ಡೆಸ್ಕ್‌ಟಾಪ್ ಅನ್ನುವುದೇ ಮುಖ್ಯ

ಲಿನಕ್ಸ್‌ಗೆ ಬಂದವರು "ಲಿನಕ್ಸ್‌ನಲ್ಲಿ ಮೆನು ಶಾರ್ಟ್‌ಕಟ್ ಏನು?" ಅಂತ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಇಲ್ಲ. ನಿಮ್ಮಲ್ಲಿರುವುದು ಗ್ನೋಮೋ, ಕೆಡಿಇ ಪ್ಲಾಸ್ಮಾನೋ, ಎಕ್ಸ್‌ಎಫ್‌ಸಿಇಯೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಉಬುಂಟು ಮತ್ತು ಫೆಡೋರಾ ವರ್ಕ್‌ಸ್ಟೇಷನ್ ಮಾಮೂಲಿಯಾಗಿ ಗ್ನೋಮ್‌ನೊಂದಿಗೆ ಬರುತ್ತವೆ, ಕುಬುಂಟು ಕೆಡಿಇಯೊಂದಿಗೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಬಗ್ಗೆ ಮಾಹಿತಿ ಕೊಡುವ ಪುಟದಲ್ಲಿ ಇದು ಬರೆದಿರುತ್ತದೆ.

ಗ್ನೋಮ್‌ನಲ್ಲಿ ಹಳೇ ಕಾಲದ ಫೈಲ್, ಎಡಿಟ್, ವ್ಯೂ ಸಾಲು ಬಹುಪಾಲು ಅಪ್ಲಿಕೇಶನ್‌ಗಳಲ್ಲಿ ಇಲ್ಲ. ಕಿಟಕಿಯ ತಲೆಪಟ್ಟಿಯಲ್ಲಿ ಮೂರು ಅಡ್ಡ ಗೆರೆಗಳ ಬಟನ್ ಇರುತ್ತದೆ, ಮೆನು ಅದರೊಳಗೆ. ಅದನ್ನು ತೆರೆಯುವ ಕೀ ಎಫ್10. ಅಷ್ಟೇ. ವಿಂಡೋಸ್‌ನಲ್ಲೂ ಎಫ್10 ಮೆನು ಪಟ್ಟಿಗೆ ಹೋಗುತ್ತಿತ್ತು, ಹಾಗಾಗಿ ಇದು ಬೇಗ ಕೈಗೆ ಹತ್ತುತ್ತದೆ. ತೆರೆದ ಮೇಲೆ ಬಾಣದ ಕೀ, ಎಂಟರ್, ಎಸ್ಕೇಪ್. ಕಂಟ್ರೋಲ್ ಜೊತೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಗ್ನೋಮ್‌ನ ಹಲವು ಅಪ್ಲಿಕೇಶನ್‌ಗಳು ತಮ್ಮ ಶಾರ್ಟ್‌ಕಟ್‌ಗಳ ಪಟ್ಟಿಯನ್ನೇ ತೋರಿಸುತ್ತವೆ.

ಪರದೆಯ ಮೇಲಿನ ಕಪ್ಪು ಪಟ್ಟಿಗೆ ಹೋಗಬೇಕಾದರೆ ಕಂಟ್ರೋಲ್ + ಆಲ್ಟ್ + ಟ್ಯಾಬ್. ವೈಫೈ, ಧ್ವನಿ, ಬೆಳಕು ಇರುವ ಮೆನು ಮಾತ್ರ ಬೇಕಿದ್ದರೆ ಹೊಸ ಆವೃತ್ತಿಗಳಲ್ಲಿ ಸೂಪರ್ + ಎಸ್ ಸಾಕು. ಸೂಚನೆಗಳ ಪಟ್ಟಿಗೆ ಸೂಪರ್ + ವಿ. ವಿಂಡೋಸ್‌ನಲ್ಲಿ ವಿಂಡೋಸ್ + ವಿ ಅಂದರೆ ಕಾಪಿ ಮಾಡಿದ್ದರ ಪಟ್ಟಿ, ಅದಕ್ಕೇ ಕೈ ಇಲ್ಲಿ ತಪ್ಪುತ್ತದೆ.

ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಗ್ನೋಮ್ ಟರ್ಮಿನಲ್‌ನಲ್ಲಿ ಎಫ್10 ಒಂದು ಜಗಳ ತರುತ್ತದೆ. ಅದರೊಳಗೆ ಓಡುವ ಎಚ್‌ಟಾಪ್, ಮಿಡ್‌ನೈಟ್ ಕಮಾಂಡರ್ ತರಹದ ಪ್ರೋಗ್ರಾಮ್‌ಗಳಲ್ಲಿ ಎಫ್10 ಅಂದರೆ ಹೊರಗೆ ಹೋಗು ಅಂತ. ಕೆಳಗಿನ ಸಾಲಿನಲ್ಲಿ ಹಾಗೇ ಬರೆದಿರುತ್ತದೆ. ನೀವು ಒತ್ತುತ್ತೀರಿ, ಪ್ರೋಗ್ರಾಂ ಮುಚ್ಚುವ ಬದಲು ಟರ್ಮಿನಲ್‌ನ ಮೆನು ಬಾಯಿ ತೆರೆಯುತ್ತದೆ. ಟರ್ಮಿನಲ್‌ನ ಪ್ರಿಫರೆನ್ಸಸ್‌ನಲ್ಲಿ ಸಾಮಾನ್ಯ ವಿಭಾಗಕ್ಕೆ ಹೋದರೆ ಎಫ್10 ಮೆನು ತೆರೆಯಬೇಕೋ ಬೇಡವೋ ಅನ್ನುವ ಟಿಕ್ ಪೆಟ್ಟಿಗೆ ಇದೆ. ಟರ್ಮಿನಲ್‌ನಲ್ಲೇ ದಿನ ಕಳೆಯುವವರಾದರೆ ಅದನ್ನು ತೆಗೆದುಬಿಡಿ. ಸುಮ್ನೆ ಎಚ್‌ಟಾಪ್ ನೋಡಿ ಹೊರಬರಬೇಕಿದ್ದರೆ ಕ್ಯೂ ಒತ್ತಿದರೂ ಆಗುತ್ತದೆ.

ಕೆಡಿಇ ವಿಂಡೋಸ್‌ನವರಿಗೆ ಹತ್ತಿರದ ಮನೆ. ಮೆಟಾ ಒತ್ತಿದರೆ ಅಪ್ಲಿಕೇಶನ್‌ಗಳ ಮೆನು ಬರುತ್ತದೆ. ಮೆನು ಪಟ್ಟಿ ಇರುವ ಅಪ್ಲಿಕೇಶನ್‌ಗಳಲ್ಲಿ ಆಲ್ಟ್ ಜೊತೆ ಗೆರೆ ಎಳೆದ ಅಕ್ಷರ ಒತ್ತಿದರೆ ಮೆನು ತೆರೆಯುತ್ತದೆ. ಇದರ ಜೊತೆ ಒಂದು ಬಂಗಾರದಂತಹ ಕೀ ಇದೆ: ಕಂಟ್ರೋಲ್ + ಆಲ್ಟ್ + ಐ. 2021ರಿಂದ ಕೇಟ್, ಡಾಲ್ಫಿನ್ ಮುಂತಾದ ಕೆಡಿಇ ಅಪ್ಲಿಕೇಶನ್‌ಗಳಲ್ಲಿ ಇದನ್ನು ಒತ್ತಿದರೆ ಹುಡುಕುವ ಪೆಟ್ಟಿಗೆ ಬರುತ್ತದೆ. ಮೆನುವಿನಲ್ಲಿರುವ ಯಾವ ಕೆಲಸವನ್ನೂ ಹೆಸರು ಬರೆದು ಮಾಡಿಸಬಹುದು. ಮ್ಯಾಕ್‌ನ ಹೆಲ್ಪ್ ಹುಡುಕಾಟದ ಅಣ್ಣನೋ ತಮ್ಮನೋ ಅನ್ನಬಹುದು. ಉಬುಂಟು ಕೂಡ 2012ರಲ್ಲಿ ಆಲ್ಟ್ ತಟ್ಟಿದರೆ ಮೆನುವನ್ನೆಲ್ಲ ಹುಡುಕುವ ಸೌಲಭ್ಯ ತಂದಿತ್ತು. 2017ರಲ್ಲಿ ಗ್ನೋಮ್‌ಗೆ ಮರಳಿದಾಗ ಅದು ಹೋಯಿತು. ನನಗೆ ಈಗಲೂ ಆ ಬೇಜಾರಿದೆ.

ಮ್ಯಾಕ್ ಬಿಟ್ಟು ವಿಂಡೋಸ್‌ಗೆ ಬಂದವರಿಗೆ

ಇವರ ಕಷ್ಟ ತಿರುಗಾಮುರುಗಾ. ಮ್ಯಾಕ್‌ನಲ್ಲಿ ಮೆನು ಯಾವಾಗಲೂ ಪರದೆಯ ಮೇಲ್ತುದಿಯಲ್ಲೇ ಇತ್ತು. ಇಲ್ಲಿ ಒಂದೊಂದು ಕಿಟಕಿಗೂ ಅದರದ್ದೇ ಮೆನು, ಕೆಲವಕ್ಕೆ ರಿಬ್ಬನ್ ಅನ್ನುವ ಅಗಲವಾದ ಬಟನ್ ಪಟ್ಟಿ, ಕೆಲವಕ್ಕೆ ಮೂರು ಚುಕ್ಕಿ. ಆದರೆ ಒಂದು ಕೀ ಬಹುಪಾಲು ಕಡೆ ನಡೆಯುತ್ತದೆ, ಅದು ಆಲ್ಟ್.

ಆಲ್ಟ್ ಒತ್ತಿ ಬಿಡಿ. ಮೆನುಗಳ ಹೆಸರಿನಲ್ಲಿ ಒಂದೊಂದು ಅಕ್ಷರದ ಕೆಳಗೆ ಗೆರೆ ಬೀಳುತ್ತದೆ. ಫೈಲ್‌ಗೆ ಎಫ್, ಎಡಿಟ್‌ಗೆ ಇ. ಆ ಅಕ್ಷರ ಒತ್ತಿದರೆ ಮೆನು ತೆರೆಯುತ್ತದೆ, ಒಳಗಿನ ಆಯ್ಕೆಗಳಿಗೂ ಹಾಗೇ ಗೆರೆಗಳಿರುತ್ತವೆ. ಹೀಗೆ ಆಲ್ಟ್, ಎಫ್, ಎ ಅಂತ ಒಂದಾದ ಮೇಲೊಂದು ಒತ್ತಿದರೆ ಬಹಳ ಪ್ರೋಗ್ರಾಮ್‌ಗಳಲ್ಲಿ ಸೇವ್ ಆ್ಯಸ್ ಬರುತ್ತದೆ. ಮೂರನ್ನೂ ಒಟ್ಟಿಗೆ ಹಿಡಿಯಬೇಕಿಲ್ಲ. ಮ್ಯಾಕ್‌ನವರು ಎಲ್ಲವನ್ನೂ ಒಟ್ಟಿಗೆ ಒತ್ತಿ ಬೆರಳು ಗಂಟು ಹಾಕಿಕೊಳ್ಳುವುದನ್ನು ನೋಡಿದ್ದೇನೆ. ಒಂದೊಂದಾಗಿ ಒತ್ತಿ, ಸಾವಕಾಶ ಇದೆ.

ಈ ಗೆರೆಗಳು ಯಾವಾಗಲೂ ಕಾಣಬೇಕಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ತೆರೆದು ಆ್ಯಕ್ಸೆಸ್ ಕೀಗಳಿಗೆ ಗೆರೆ ಎಳೆಯುವ ಸ್ವಿಚ್ ಆನ್ ಮಾಡಿ.

ವರ್ಡ್, ಎಕ್ಸೆಲ್‌ನಂತಹ ರಿಬ್ಬನ್ ಪ್ರೋಗ್ರಾಮ್‌ಗಳಲ್ಲಿ ಆಲ್ಟ್ ಒತ್ತಿದರೆ ಒಂದೊಂದು ಟ್ಯಾಬ್ ಮೇಲೂ ಪುಟ್ಟ ಚೀಟಿಯಲ್ಲಿ ಅಕ್ಷರ ಬರುತ್ತದೆ. ಹೋಮ್‌ಗೆ ಎಚ್. ಎಚ್ ಒತ್ತಿದ ಕೂಡಲೇ ಅದರೊಳಗಿನ ಎಲ್ಲ ಬಟನ್‌ಗಳಿಗೂ ಚೀಟಿ ಬೀಳುತ್ತದೆ. ರಿಬ್ಬನ್ ಬಂದಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಮೆನು ದಾರಿ, ಆಲ್ಟ್, ಇ, ಎಸ್ ಅಂತ ಪೇಸ್ಟ್ ಸ್ಪೆಷಲ್ ತೆರೆಯುವುದು, ಎಕ್ಸೆಲ್‌ನಲ್ಲಿ ಇವತ್ತಿಗೂ ನಡೆಯುತ್ತದೆ. ಆ ಮೆನುವೇ ಇಲ್ಲ, ಆದರೂ ದಾರಿ ಉಳಿದಿದೆ. ಲೆಕ್ಕಪತ್ರದವರ ಬೆರಳಿಗೆ ಅಂಜಿ ಬಿಟ್ಟಿರಬೇಕು ಅಂತ ನನ್ನ ಊಹೆ. ಹೆಸರಿನಿಂದ ಹುಡುಕಬೇಕಿದ್ದರೆ ಆಫೀಸ್‌ನಲ್ಲಿ ಆಲ್ಟ್ + ಕ್ಯೂ ಒತ್ತಿ, ಬೇಕಾದ ಕೆಲಸದ ಹೆಸರು ಬರೆಯಿರಿ.

ಒಂದು ಎಚ್ಚರ. ಬರೆಯುತ್ತಿರುವಾಗ ಆಲ್ಟ್‌ಗೆ ಬೆರಳು ತಗುಲಿದರೆ ಗಮನ ಮೆನುವಿಗೆ ಹೋಗಿಬಿಡುತ್ತದೆ. ಮುಂದಿನ ಅಕ್ಷರಗಳು ಬರಹಕ್ಕೆ ಸೇರದೆ ಮೆನು ತೆರೆಯಲು ಹೊರಡುತ್ತವೆ. ಪರದೆಯಲ್ಲಿ ಏನೇನೋ ತೆರೆದುಕೊಂಡರೆ ಗಾಬರಿ ಬೇಡ, ಎಸ್ಕೇಪ್ ಎರಡು ಮೂರು ಸಲ ಒತ್ತಿ.

ಸ್ಟಾರ್ಟ್ ಮೆನುವಿಗೆ ವಿಂಡೋಸ್ ಕೀ. ಆ ಕೀ ಇಲ್ಲದ ಕೀಬೋರ್ಡ್ ಆದರೆ ಕಂಟ್ರೋಲ್ + ಎಸ್ಕೇಪ್. ಇದರ ಪಕ್ಕದಲ್ಲೇ ಇನ್ನೊಂದು ಮೆನು ಇದೆ, ವಿಂಡೋಸ್ + ಎಕ್ಸ್. ಡಿವೈಸ್ ಮ್ಯಾನೇಜರ್, ಟರ್ಮಿನಲ್, ಡಿಸ್ಕ್ ನಿರ್ವಹಣೆ ಎಲ್ಲ ಅಲ್ಲಿ ಒಂದೇ ಕಡೆ. ಅಲ್ಲಿಂದ ಯು, ಮತ್ತೆ ಯು ಒತ್ತಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಬರೆದದ್ದನ್ನು ಸೇವ್ ಮಾಡದೆ ಇದನ್ನು ಪ್ರಯೋಗ ಮಾಡಬೇಡಿ. ಟಾಸ್ಕ್‌ಬಾರ್‌ನ ಬಲ ಮೂಲೆಯ ಗುರುತುಗಳಿಗೆ ವಿಂಡೋಸ್ + ಬಿ.

ಆಲ್ಟ್ + ಸ್ಪೇಸ್‌ನ ಕಥೆ

ಒಂದೇ ಜೋಡಿ ಕೀ, ಒಂದೊಂದು ಕಡೆ ಒಂದೊಂದು ಅರ್ಥ. ವಿಂಡೋಸ್‌ನಲ್ಲಿ ಮತ್ತು ಗ್ನೋಮ್‌ನಲ್ಲಿ ಆಲ್ಟ್ + ಸ್ಪೇಸ್ ಅಂದರೆ ಕಿಟಕಿಯ ಮೆನು. ಚಿಕ್ಕದು ಮಾಡು, ದೊಡ್ಡದು ಮಾಡು, ಜರುಗಿಸು, ಮುಚ್ಚು, ಇಂಥವು ಅದರಲ್ಲಿರುತ್ತವೆ. ಕೆಡಿಇಯಲ್ಲಿ ಅದೇ ಒತ್ತಿದರೆ ಕೆರನ್ನರ್ ಅನ್ನುವ ಹುಡುಕುವ ಪೆಟ್ಟಿಗೆ ಬರುತ್ತದೆ, ಕಿಟಕಿಯ ಮೆನು ಅಲ್ಲಿ ಆಲ್ಟ್ + ಎಫ್3. ಮ್ಯಾಕ್‌ನಲ್ಲಿ ಏನಾಗುತ್ತದೆ ಅಂತ ಆಗಲೇ ಹೇಳಿದೆ. ವಿಂಡೋಸ್‌ನಲ್ಲೂ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅನ್ನುವ ಹೆಚ್ಚುವರಿ ಪ್ರೋಗ್ರಾಮ್‌ನ ರನ್ ಸೌಲಭ್ಯ ಹಾಕಿಕೊಂಡರೆ ಅದು ಈ ಕೀಯನ್ನು ತನ್ನದು ಮಾಡಿಕೊಳ್ಳುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಬೇರೆ ಕೀ ಕೊಟ್ಟರೆ ಹಳೆಯದು ವಾಪಸ್ ಬರುತ್ತದೆ.

ಕಿಟಕಿಯ ಮೆನು ಯಾರಿಗೆ ಬೇಕು ಅನ್ನಬೇಡಿ. ಎರಡನೇ ಪರದೆ ಬಿಚ್ಚಿದ ಮೇಲೆ ಒಂದು ಕಿಟಕಿ ಕಾಣದ ಜಾಗದಲ್ಲೇ ಉಳಿದು ಹೋಗುತ್ತದಲ್ಲ, ಆಗ ಬೇಕು. ವಿಂಡೋಸ್‌ನಲ್ಲಿ ಆಲ್ಟ್ + ಟ್ಯಾಬ್‌ನಿಂದ ಆ ಕಿಟಕಿ ಆರಿಸಿ. ಆಲ್ಟ್ + ಸ್ಪೇಸ್ ಒತ್ತಿ, ಎಂ ಒತ್ತಿ. ಆಮೇಲೆ ಯಾವುದಾದರೂ ಬಾಣದ ಕೀ ಒಂದು ಸಲ. ಈಗ ಮೌಸ್ ಅಲುಗಿಸಿದರೆ ಕಳೆದುಹೋದ ಕಿಟಕಿ ಮೌಸ್‌ಗೆ ಅಂಟಿಕೊಂಡು ಬರುತ್ತದೆ. ಮೌಸ್ ಇಲ್ಲದಿದ್ದರೆ ಬಾಣದ ಕೀಯನ್ನೇ ಹಿಡಿದುಕೊಳ್ಳಿ, ಕಂಡಾಗ ಎಂಟರ್ ಒತ್ತಿ. ಎಂ ಒತ್ತಿದರೆ ಏನೂ ಆಗದಿದ್ದರೆ ಆ ಕಿಟಕಿ ಪೂರ್ತಿ ಹಿಗ್ಗಿದ ಸ್ಥಿತಿಯಲ್ಲಿದೆ ಅಂತ ಅರ್ಥ. ಮೊದಲು ಆಲ್ಟ್ + ಸ್ಪೇಸ್, ಆರ್ ಒತ್ತಿ ಮಾಮೂಲಿ ಅಳತೆಗೆ ತನ್ನಿ.

ಮ್ಯಾಕ್‌ನಲ್ಲಿ ಈ ಮೆನು ಇಲ್ಲ, ನೇರ ಶಾರ್ಟ್‌ಕಟ್‌ಗಳಿವೆ. ಕಮಾಂಡ್ + ಎಂ ಕಿಟಕಿಯನ್ನು ಡಾಕ್‌ಗೆ ಇಳಿಸುತ್ತದೆ, ಕಮಾಂಡ್ + ಡಬ್ಲ್ಯೂ ಕಿಟಕಿ ಮುಚ್ಚುತ್ತದೆ, ಕಮಾಂಡ್ + ಕ್ಯೂ ಅಪ್ಲಿಕೇಶನ್ನೇ ಮುಚ್ಚುತ್ತದೆ. ಕೊನೆಯ ಎರಡರ ವ್ಯತ್ಯಾಸ ವಿಂಡೋಸ್‌ನವರಿಗೆ ತಲೆಗೆ ಹೋಗಲು ಒಂದು ವಾರ ಬೇಕು. ಕ್ಯೂ ಮತ್ತು ಡಬ್ಲ್ಯೂ ಅಕ್ಕಪಕ್ಕದಲ್ಲೇ ಇರುವುದು ಬೇರೆ.

ಬಲ ಕ್ಲಿಕ್ ಮೆನು

ವಿಂಡೋಸ್‌ನಲ್ಲೂ ಗ್ನೋಮ್‌ನಲ್ಲೂ ಶಿಫ್ಟ್ + ಎಫ್10. ಕೆಲವು ಕೀಬೋರ್ಡ್‌ಗಳಲ್ಲಿ ಬಲಗಡೆ ಚಿಕ್ಕ ಪಟ್ಟಿಯ ಚಿತ್ರ ಇರುವ ಮೆನು ಕೀಯೇ ಇರುತ್ತದೆ, ಅದನ್ನೂ ಒತ್ತಬಹುದು. ಮ್ಯಾಕ್‌ನಲ್ಲಿ ಬಹಳ ವರ್ಷ ಇದಕ್ಕೆ ಮಾಮೂಲಿ ಶಾರ್ಟ್‌ಕಟ್ ಇರಲೇ ಇಲ್ಲ. 2024ರ ಸಿಕೋಯಾ ಆವೃತ್ತಿಯಿಂದ ಕಂಟ್ರೋಲ್ + ರಿಟರ್ನ್ ಬಂದಿದೆ. ಹಳೆಯ ಆವೃತ್ತಿ ಇದ್ದವರು ಬಲ ಕ್ಲಿಕ್‌ನ ಕೆಲಸಗಳನ್ನು ಮೇಲಿನ ಮೆನುವಿನಲ್ಲೇ ಹುಡುಕಿ, ಬಹುಪಾಲು ಅಲ್ಲೂ ಇರುತ್ತವೆ.

ಮೆನುವೇ ಮಾಯವಾದರೆ

ಕೆಡಿಇ ಅಪ್ಲಿಕೇಶನ್‌ಗಳಲ್ಲಿ ಕಂಟ್ರೋಲ್ + ಎಂ ಮೆನು ಪಟ್ಟಿಯನ್ನು ಅಡಗಿಸುತ್ತದೆ. ಕೈತಪ್ಪಿ ಒತ್ತಿದವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ಯಾಕೆಂದರೆ ಮೆನು ತರಿಸುವ ಆಯ್ಕೆ ಮೆನುವಿನಲ್ಲೇ ಇತ್ತು! ಮತ್ತೆ ಕಂಟ್ರೋಲ್ + ಎಂ ಒತ್ತಿದರೆ ಬರುತ್ತದೆ. ವಿಎಲ್‌ಸಿಯಲ್ಲಿ ಇದೇ ಕೆಲಸ ಮಾಡುವುದು ಕಂಟ್ರೋಲ್ + ಎಚ್. ಫೈರ್‌ಫಾಕ್ಸ್‌ನ ಮೆನು ಪಟ್ಟಿ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಮೊದಲಿನಿಂದಲೇ ಅಡಗಿರುತ್ತದೆ, ಆಲ್ಟ್ ಅಥವಾ ಎಫ್10 ಒತ್ತಿದರೆ ಇಣುಕುತ್ತದೆ. ಕ್ರೋಮ್‌ನ ಮೂರು ಚುಕ್ಕಿಯ ಮೆನುವಿಗೆ ಅದೇ ಎರಡು ಸಿಸ್ಟಂಗಳಲ್ಲಿ ಆಲ್ಟ್ + ಎಫ್. ಮ್ಯಾಕ್‌ನಲ್ಲಿ ಪೂರ್ಣ ಪರದೆ ಮಾಡಿದಾಗ ಮೆನು ಕಾಣದಿದ್ದರೂ ಕಂಟ್ರೋಲ್ + ಎಫ್2 ಒತ್ತಿದರೆ ಕೆಳಗಿಳಿದು ಬರುತ್ತದೆ.

ಇನ್ನು ಕೆಲವು ಅಪ್ಲಿಕೇಶನ್‌ಗಳು ಸಿಸ್ಟಂ ಯಾವುದೇ ಇರಲಿ, ತಮ್ಮದೇ ಹುಡುಕುವ ಪೆಟ್ಟಿಗೆ ಇಟ್ಟುಕೊಂಡಿವೆ. ಆಗಾಗ ಸಿಸ್ಟಂ ಬದಲಿಸುವವರಿಗೆ ಇವು ದೊಡ್ಡ ಉಪಕಾರ. ಲಿಬ್ರೆಆಫೀಸ್‌ನಲ್ಲಿ 7.2 ಆವೃತ್ತಿಯಿಂದ ಶಿಫ್ಟ್ + ಎಸ್ಕೇಪ್. ಗಿಂಪ್‌ನಲ್ಲಿ ಬರೀ ಓರೆಗೆರೆ ಕೀ. ಬ್ಲೆಂಡರ್‌ನಲ್ಲಿ ಎಫ್3. ವಿಎಸ್ ಕೋಡ್‌ನಲ್ಲಿ ಎಫ್1, ಅಥವಾ ಕಂಟ್ರೋಲ್ + ಶಿಫ್ಟ್ + ಪಿ, ಮ್ಯಾಕ್‌ನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್. ಗೂಗಲ್ ಡಾಕ್ಸ್‌ನಲ್ಲಿ ಆಲ್ಟ್ + ಓರೆಗೆರೆ, ಮ್ಯಾಕ್‌ನಲ್ಲಿ ಆಪ್ಷನ್ + ಓರೆಗೆರೆ.

ದಿನಾ ಬಳಸುವುದಕ್ಕೆ ಸ್ವಂತ ಕೀ

ಎರಡು ವಾರ ಕಳೆದ ಮೇಲೆ ಒಂದು ವಿಷಯ ಕಾಣುತ್ತದೆ. ಒಂದೇ ಮೆನು ಆಯ್ಕೆಗೆ ಪದೇ ಪದೇ ಹೋಗುತ್ತಿದ್ದೀರಿ, ಅದರ ಬಲಗಡೆ ಯಾವ ಶಾರ್ಟ್‌ಕಟ್ಟೂ ಬರೆದಿಲ್ಲ. ನನಗೆ ಹಾಗಿದ್ದಿದ್ದು ಟೆಕ್ಸ್ಟ್‌ಎಡಿಟ್‌ನಲ್ಲಿ ಪಿಡಿಎಫ್ ಮಾಡುವ ಎಕ್ಸ್‌ಪೋರ್ಟ್ ಆಯ್ಕೆ. ಮ್ಯಾಕ್‌ನಲ್ಲಿ ಇದಕ್ಕೆ ನೀವೇ ಕೀ ಕೊಡಬಹುದು. ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿಯಲ್ಲಿ ಆ್ಯಪ್ ಶಾರ್ಟ್‌ಕಟ್ಸ್ ತೆರೆದು ಕೂಡಿಸುವ ಗುರುತು ಒತ್ತಿ. ಅಪ್ಲಿಕೇಶನ್ ಆರಿಸಿ. ಮೆನುವಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ, ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಕೊನೆಯ ಮೂರು ಚುಕ್ಕಿ ಎಲ್ಲ ಸೇರಿ. ನಾನು ಆ ಮೂರು ಚುಕ್ಕಿ ಬಿಟ್ಟು ಅರ್ಧ ಗಂಟೆ ಒದ್ದಾಡಿದ್ದೇನೆ. ಆಮೇಲೆ ಬೇಕಾದ ಕೀಗಳನ್ನು ಒತ್ತಿ. ಟೆಕ್ಸ್ಟ್‌ಎಡಿಟ್‌ಗೆ ವಾಪಸ್ ಹೋಗಿ ಫೈಲ್ ಮೆನು ತೆರೆದು ನೋಡಿ. ಹೆಸರು ಸರಿಯಾಗಿ ಬರೆದಿದ್ದರೆ ಆ ಆಯ್ಕೆಯ ಬಲಗಡೆ ನಿಮ್ಮ ಕೀ ಬಂದು ಕೂತಿರುತ್ತದೆ. ಬಂದಿಲ್ಲ ಅಂದರೆ ಚುಕ್ಕಿ ಎಣಿಸಿ.